ಎಂಜಿನ್ನಿನಲ್ಲಿ ಥ್ರೆಡ್ ಹೋದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯ ಬಗ್ಗೆ ಇವೆ. ಎಂಜಿನ್ನಿನ ಯಾವುದೋ ಬೋಲ್ಟ್ ಬಿಗಿಯಾಗದೆ ಸುಮ್ಮನೆ ತಿರುಗುತ್ತಿದೆ, ಏನು ಮಾಡಬೇಕು? ಬೋಲ್ಟಿನ ಮೈಮೇಲೆ ಅಥವಾ ಅದು ಕೂರುವ ರಂಧ್ರದ ಒಳಗೆ ಇರುವ ಸುರುಳಿ ಏಣು, ಅಂದರೆ ಥ್ರೆಡ್, ಕೆಟ್ಟಾಗ ಹೀಗಾಗುತ್ತದೆ. ಅವನ್ನೆಲ್ಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಉತ್ತರಗಳಲ್ಲಿ ಎಂ8 × 1.25 ಎಂದು ಬರೆದಲ್ಲಿ ಬೋಲ್ಟಿನ ಹೊರ ವ್ಯಾಸ 8 ಮಿ.ಮೀ., ಥ್ರೆಡ್ಡಿನ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ 1.25 ಮಿ.ಮೀ. ಅಂತರ ಎಂದು ಓದಿಕೊಳ್ಳಿ. ಈ ಅಂತರವೇ ಪಿಚ್.

ಪ್ರಶ್ನೆ: ಆಯಿಲ್ ಬದಲಿಸಿದ ಮೇಲೆ ಡ್ರೈನ್ ಪ್ಲಗ್ ನಿಲ್ಲುತ್ತಿಲ್ಲ. ಬಿಗಿಯಾದಂತೆ ಆಗಿ ಮತ್ತೆ ಸಡಿಲವಾಗುತ್ತದೆ, ಕೆಳಗೆ ಹನಿ ಬೀಳುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತಿ ಹಾಕಿದರೆ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಆಯಿಲ್ ಸೋರದಂತೆ ತಡೆಯುವುದು ಪ್ಲಗ್ಗಿನ ತಲೆಯ ಕೆಳಗಿರುವ ವಾಷರ್. ಆ ವಾಷರನ್ನು ಒತ್ತಿ ಹಿಡಿಯುವುದಷ್ಟೇ ಥ್ರೆಡ್ಡಿನ ಕೆಲಸ. ಟೇಪಿನಿಂದ ಆ ಒತ್ತಡ ಬರುವುದಿಲ್ಲ. ಮೇಲಾಗಿ ಅದರ ಚೂರುಗಳು ಕಿತ್ತು ಸಂಪಿನೊಳಗೆ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಯೊಳಗೆ) ಹೋದರೆ ಆಯಿಲ್ ಪಂಪಿನ ಜಾಲರಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಓಡುತ್ತಿರುವಾಗ ಪ್ಲಗ್ ಬಿದ್ದರೆ ಆಯಿಲೆಲ್ಲ ಖಾಲಿಯಾಗಿ ಬೇರಿಂಗುಗಳು ಸುಟ್ಟುಹೋಗುತ್ತವೆ. ಆದ್ದರಿಂದ ಸರಿಪಡಿಸುವವರೆಗೆ ಕಾರು ಓಡಿಸಬೇಡಿ.

ಮೊದಲು ಪ್ಲಗ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ನೋಡಿ. ಅದರ ಸುತ್ತುಗಳ ನಡುವೆ ತಂತಿಯಂತೆ ಅಲ್ಯೂಮಿನಿಯಂ ಸುತ್ತಿಕೊಂಡಿದ್ದರೆ ಹೋಗಿರುವುದು ಸಂಪಿನ ಥ್ರೆಡ್. ಸುತ್ತುಗಳ ತುದಿಯೇ ಸವೆದು ಚಪ್ಪಟೆಯಾಗಿದ್ದರೆ ತಪ್ಪು ಪ್ಲಗ್ಗಿನದು. ಆಗ ಅದೇ ಅಳತೆಯ ಹೊಸ ಪ್ಲಗ್ಗನ್ನು ಕೈಯಲ್ಲೇ ಹಾಕಿ ನೋಡಿ. ಐದಾರು ಸುತ್ತು ಅಲುಗಾಡದೆ ಒಳಗೆ ಹೋದರೆ ಹೊಸ ಪ್ಲಗ್, ಹೊಸ ವಾಷರ್ ಹಾಕಿದರೆ ಮುಗಿಯಿತು. ಎಂ12 × 1.25, ಎಂ12 × 1.5, ಎಂ14 × 1.5 ಮೂರೂ ಬಳಕೆಯಲ್ಲಿವೆ. ಬರೀ ಕಣ್ಣಳತೆಗೆ ಮೊದಲ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಪಿಚ್ ಗೇಜ್ ಇಟ್ಟು ನೋಡಿಯೇ ಪ್ಲಗ್ ತನ್ನಿ.

ಹೋಗಿರುವುದು ಸಂಪಿನ ಥ್ರೆಡ್ಡೇ ಆದರೆ ಸಂಪು ಯಾವುದರದು ನೋಡಿ. ತಗಡಿನ ಸಂಪಾದರೆ ಒಳಗೆ ವೆಲ್ಡ್ ಮಾಡಿದ ನಟ್ ಇರುತ್ತದೆ. ಸಂಪು ಇಳಿಸಿ ಬೇರೆ ನಟ್ ವೆಲ್ಡ್ ಮಾಡಿಸುವುದು ಅಥವಾ ಸಂಪನ್ನೇ ಬದಲಿಸುವುದು ನೇರ ದಾರಿ. ಅಲ್ಯೂಮಿನಿಯಂ ಎರಕದ ಸಂಪಾದರೆ ಉಕ್ಕಿನ ಗಟ್ಟಿ ಬುಷ್ ಇನ್ಸರ್ಟ್ (ಕೆಟ್ಟ ಥ್ರೆಡ್ಡಿನ ಜಾಗದಲ್ಲಿ ಕೂರಿಸುವ, ಒಳಗೂ ಹೊರಗೂ ಥ್ರೆಡ್ ಇರುವ ಕೊಳವೆ) ಹಾಕಿಸಿ. ಅದರ ಅಂಚು ಸಂಪಿನ ಮುಖಕ್ಕಿಂತ ಕೂದಲೆಳೆಯಷ್ಟಾದರೂ ಒಳಗೇ ಇರಬೇಕು. ಮೇಲೆ ಎದ್ದಿದ್ದರೆ ವಾಷರ್ ಅದರ ಮೇಲೆ ಕೂತು ಸೋರಿಕೆ ಮುಂದುವರಿಯುತ್ತದೆ.

ತಾನೇ ಥ್ರೆಡ್ ಕೊರೆದುಕೊಂಡು ಹೋಗುವ ದಪ್ಪ ಪ್ಲಗ್ಗುಗಳೂ ಸಿಗುತ್ತವೆ. ನಾವು ಅವನ್ನು ಹಾಕಿ ಎಂದು ಹೇಳುವುದಿಲ್ಲ. ಅವು ನೆಟ್ಟಗೆ ಹೋಗುವ ಭರವಸೆ ಇಲ್ಲ, ಕೊರೆದ ಪುಡಿ ಸಂಪಿನೊಳಗೇ ಉಳಿಯುತ್ತದೆ, ಎರಕದ ಸಂಪು ಸೀಳುವುದೂ ಉಂಟು. ಒಳಗೆ ಹಿಗ್ಗಿ ಕೂರುವ ರಬ್ಬರ್ ಪ್ಲಗ್ ವರ್ಕ್‌ಶಾಪಿನವರೆಗೆ ತಲುಪಲು ಮಾತ್ರ.

ಸಂಪು ಇಳಿಸದೆ ಇನ್ಸರ್ಟ್ ಹಾಕುವುದಾದರೆ ಟ್ಯಾಪಿನ (ರಂಧ್ರದೊಳಗೆ ಥ್ರೆಡ್ ಕೊರೆಯುವ ಸಲಕರಣೆಯ) ತೋಡುಗಳಿಗೆ ಗ್ರೀಸ್ ತುಂಬಿ, ಪುಡಿ ಅದರಲ್ಲಿ ಅಂಟಿಕೊಳ್ಳಲಿ. ಕೆಲಸ ಮುಗಿದ ಮೇಲೆ ರಂಧ್ರ ತೆರೆದಿಟ್ಟು ಮೇಲಿನಿಂದ ಅರ್ಧ ಲೀಟರ್ ಹೊಸ ಆಯಿಲ್ ಸುರಿದು ಹೊರಬಿಡಿ. ಮ್ಯಾಗ್ನೆಟ್ ಹಾಕಿ ಪುಡಿ ತೆಗೆಯುತ್ತೇನೆ ಎಂದುಕೊಳ್ಳಬೇಡಿ, ಅಲ್ಯೂಮಿನಿಯಂ ಅದಕ್ಕೆ ಅಂಟುವುದಿಲ್ಲ.

ಇಷ್ಟಕ್ಕೂ ಆ ಥ್ರೆಡ್ ಹೋದದ್ದು ಯಾಕೆ? ಸಾಮಾನ್ಯವಾಗಿ ವಾಷರಿನಿಂದ. ತಾಮ್ರದ ವಾಷರ್ ಒಮ್ಮೆ ಒತ್ತಿದ ಮೇಲೆ ಗಡುಸಾಗುತ್ತದೆ. ಅದನ್ನೇ ಮತ್ತೆ ಹಾಕಿದರೆ ಜಿನುಗುತ್ತದೆ. ಜಿನುಗುವುದನ್ನು ನಿಲ್ಲಿಸಲು ಪ್ರತಿ ಸಲ ಇನ್ನಷ್ಟು ಬಿಗಿ ಮಾಡುತ್ತಾರೆ, ಒಂದು ದಿನ ಥ್ರೆಡ್ ಕಿತ್ತು ಬರುತ್ತದೆ. ಹಳೆಯ ವಾಷರ್ ಸಂಪಿಗೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದು ಕೂತರೂ ಇದೇ ಕಥೆ. ಪ್ಲಗ್ಗಿನ ಟಾರ್ಕ್, ಅಂದರೆ ಬಿಗಿಯಬೇಕಾದ ತಿರುಚು ಬಲ, ಹೆಚ್ಚಿನ ಕಾರುಗಳಲ್ಲಿ 25ರಿಂದ 40 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿ ಇರುವ ಅಂಕಿಯೇ ಅಂತಿಮ.

ಪ್ರಶ್ನೆ: ಅಲ್ಯೂಮಿನಿಯಂ ಬ್ಲಾಕಿನಲ್ಲಿ ಆಲ್ಟರ್ನೇಟರ್ ಬ್ರಾಕೆಟ್ಟಿನ ಎಂ8 ಬೋಲ್ಟ್ ಸ್ಲಿಪ್ ಆಗಿದೆ. ಹೆಲಿಕಾಯಿಲ್ ಹಾಕಿ ಎನ್ನುತ್ತಾರೆ ಕೆಲವರು, ಗಟ್ಟಿ ಬುಷ್ಷೇ ಬೇಕು ಎನ್ನುತ್ತಾರೆ ಇನ್ನು ಕೆಲವರು. ಹೆಲಿಕಾಯಿಲ್ ಆದರೆ ಮನೆಯಲ್ಲೇ ಹಾಕಬಹುದೇ? ಕ್ರಮ ತಿಳಿಸಿ.

ಉತ್ತರ: ಈ ಜಾಗಕ್ಕೆ ಹೆಲಿಕಾಯಿಲ್ ಸಾಕು, ಕೈ ನಿಧಾನವಿದ್ದರೆ ಮನೆಯಲ್ಲೇ ಆಗುತ್ತದೆ. ಅದು ವಜ್ರಾಕಾರದ ಅಡ್ಡಕೊಯ್ತದ ಸ್ಟೇನ್‌ಲೆಸ್ ತಂತಿಯ ಸುರುಳಿ. ಹೊರಮೈ ಬ್ಲಾಕಿನ ಹೊಸ ಥ್ರೆಡ್ಡಿನಲ್ಲಿ ಕೂರುತ್ತದೆ, ಒಳಮೈ ಹಳೆಯ ಅಳತೆಯ ಬೋಲ್ಟಿಗೆ ಥ್ರೆಡ್ ಆಗುತ್ತದೆ. ಸುರುಳಿಯ ಸಹಜ ವ್ಯಾಸ ರಂಧ್ರಕ್ಕಿಂತ ಸ್ವಲ್ಪ ದೊಡ್ಡದಾದ್ದರಿಂದ ಒಳಗೆ ಹೋದ ಮೇಲೆ ತಾನೇ ಹಿಗ್ಗಿ ಹಿಡಿದುಕೊಳ್ಳುತ್ತದೆ. ಸರಿಯಾಗಿ ಹಾಕಿದರೆ ಮೂಲ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿ, ಯಾಕೆಂದರೆ ಬೋಲ್ಟಿನ ಎಳೆತ ಈಗ ದೊಡ್ಡ ವ್ಯಾಸದ ಮೇಲೆ ಹಂಚಿಹೋಗುತ್ತದೆ. ಹಾಗಾಗಿ ಇದನ್ನು ತೇಪೆ ಕೆಲಸ ಎಂದು ಕಡೆಗಣಿಸಬೇಡಿ. ಎಷ್ಟೋ ಕಡೆ ಅಲ್ಯೂಮಿನಿಯಂ ಭಾಗಗಳಿಗೆ ಹೊಸದರಲ್ಲೇ ಇದನ್ನು ಹಾಕಿರುತ್ತಾರೆ.

ಇದಕ್ಕೆ ಬೇಕಾದ ಟ್ಯಾಪ್ ಬೇರೆ. ಪಿಚ್ 1.25 ಆಗಿಯೇ ಇದ್ದರೂ ಹೊರ ವ್ಯಾಸ ಸುಮಾರು 9.6 ಮಿ.ಮೀ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಎಂ8 ಅಥವಾ ಎಂ10 ಟ್ಯಾಪ್ ಇಲ್ಲಿ ನಡೆಯುವುದಿಲ್ಲ, ಕಿಟ್ಟಿನದ್ದೇ ಬೇಕು. ಕೊರೆಯುವ ಮೊದಲು ರಂಧ್ರದ ಸುತ್ತ ಎಷ್ಟು ಲೋಹವಿದೆ ನೋಡಿ. 9.6 ಮಿ.ಮೀ. ಥ್ರೆಡ್ ಕೂತ ಮೇಲೆ ಗೋಡೆ ಕಾಗದದಂತೆ ತೆಳ್ಳಗಾಗುವುದಿದ್ದರೆ ಈ ದಾರಿ ಬಿಡಿ, ಅಲ್ಯೂಮಿನಿಯಂ ವೆಲ್ಡಿಂಗ್ ಮಾಡಿಸಿ ಹೊಸದಾಗಿ ಕೊರೆಸಿ.

ಡ್ರಿಲ್ ಬಿಟ್ಟಿನ ಅಳತೆ ಎಂ8 × 1.25ಕ್ಕೆ 8.3 ಅಥವಾ 8.4 ಮಿ.ಮೀ., ಎಂ6 × 1ಕ್ಕೆ 6.3, ಎಂ10ರ 1.25, 1.5 ಎರಡೂ ಪಿಚ್‌ಗಳಿಗೆ 10.4. ಮೊದಲು ರಂಧ್ರದ ಆಳ ಅಳೆದು, ಬಿಟ್ಟಿನ ಮೇಲೆ ಅಷ್ಟಕ್ಕೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ತಳ ಒಡೆದು ಆಚೆ ಹೋದರೆ ಅಲ್ಲಿ ನೀರಿನ ಅಥವಾ ಆಯಿಲ್‌ನ ದಾರಿ ಇರಬಹುದು.

ಕೆಲಸ ಕೆಡುವುದು ಬಹುಪಾಲು ಡ್ರಿಲ್ಲಿಂಗ್‌ನಲ್ಲೇ. ತೆಗೆಯಬೇಕಾದ ಲೋಹ ತೀರ ಕಡಿಮೆ, ಹಾಗಾಗಿ ಬಿಟ್ ಅಲ್ಯೂಮಿನಿಯಮ್ಮನ್ನು ಕಚ್ಚಿಕೊಂಡು ತಾನೇ ಒಳಗೆ ಎಳೆದುಕೊಳ್ಳುತ್ತದೆ, ಇಲ್ಲವೇ ಒಂದು ಬದಿಗೆ ವಾಲುತ್ತದೆ. ವಾಲಿದ ರಂಧ್ರಕ್ಕೆ ಎಷ್ಟು ಒಳ್ಳೆಯ ಇನ್ಸರ್ಟ್ ಹಾಕಿದರೂ ಬೋಲ್ಟಿನ ತಲೆ ಒಂದೇ ಅಂಚಿನಲ್ಲಿ ಕೂರುತ್ತದೆ. ತಡೆಯಲು ಸುಲಭದ ಉಪಾಯವಿದೆ. 25 ಮಿ.ಮೀ. ದಪ್ಪದ ಕಬ್ಬಿಣದ ತುಂಡಿನಲ್ಲಿ ಪಿಲ್ಲರ್ ಡ್ರಿಲ್ಲಿನಿಂದ ಅದೇ ಅಳತೆಯ ನೆಟ್ಟನೆ ರಂಧ್ರ ಕೊರೆಸಿಕೊಳ್ಳಿ. ಆ ತುಂಡನ್ನು ಬ್ಲಾಕಿನ ಮುಖಕ್ಕೆ ಕ್ಲ್ಯಾಂಪ್ ಹಾಕಿ ಬಿಗಿದು, ಅದರ ಮೂಲಕವೇ ಬಿಟ್ ಇಳಿಸಿ. ಡ್ರಿಲ್ ನಿಧಾನ ವೇಗದಲ್ಲಿರಲಿ.

ನಂತರ ಟ್ಯಾಪ್. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಧಾರಾಳವಾಗಿ ಹಾಕಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಹೀಗೇ ಸಾಗಲಿ. ಹಿಂದಕ್ಕೆ ತಿರುಗಿಸಿದಾಗಲೇ ಪುಡಿ ತುಂಡಾಗಿ ಬೀಳುವುದು. ತಳ ಮುಚ್ಚಿದ ರಂಧ್ರದಲ್ಲಿ ನಡುನಡುವೆ ಟ್ಯಾಪನ್ನು ಪೂರ್ತಿ ಹೊರಗೆ ತೆಗೆದು ಒರೆಸಿ. ಬಿಗಿ ಹೆಚ್ಚಾಯಿತು ಅನ್ನಿಸಿದಾಗ ಬಲ ಹಾಕಬೇಡಿ, ಮುರಿದ ಟ್ಯಾಪನ್ನು ಹೊರತೆಗೆಯುವುದು ಥ್ರೆಡ್ ಹೋದದ್ದಕ್ಕಿಂತ ಹತ್ತು ಪಟ್ಟು ಕಷ್ಟ. ಮುಗಿದ ಮೇಲೆ ಕನ್ನಡಕ ಹಾಕಿಕೊಂಡು ಗಾಳಿ ಊದಿ, ಬ್ರೇಕ್ ಕ್ಲೀನರ್ ಹೊಡೆದು ಒಣಗಿಸಿ.

ಸುರುಳಿಯನ್ನು ಅದರ ಸಲಕರಣೆಗೆ ಸಿಕ್ಕಿಸಿ, ತಳದ ಅಡ್ಡ ಬಾಲ ಸೀಳಿನಲ್ಲಿ ಕೂತಿದೆಯೇ ನೋಡಿ, ಮೆಲ್ಲಗೆ ತಿರುಗಿಸುತ್ತಾ ಹೋಗಿ. ಕೆಳಕ್ಕೆ ಒತ್ತಬಾರದು. ಒತ್ತಿದರೆ ಸುರುಳಿ ಒಂದು ಸುತ್ತನ್ನು ಹಾರಿ ಅಡ್ಡ ಕೂರುತ್ತದೆ. ಹಿಂದಕ್ಕೂ ತಿರುಗಿಸಬಾರದು, ಬಾಲ ಎಳೆಯುವುದು ಒಂದೇ ದಿಕ್ಕಿಗೆ. ಮೇಲಿನ ತುದಿ ಮುಖಕ್ಕಿಂತ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಕೆಳಗೆ ಹೋದಾಗ ನಿಲ್ಲಿಸಿ. ಬಾಲದ ಮೇಲೆ ಪಂಚ್ ಇಟ್ಟು ಒಂದೇ ಚುರುಕಾದ ಏಟು ಕೊಟ್ಟರೆ ಮುರಿಯುತ್ತದೆ. ಮುರಿದ ತುಂಡನ್ನು ಹೊರತೆಗೆಯಲು ಮರೆಯಬೇಡಿ. ಬೋಲ್ಟ್ ತಳದವರೆಗೆ ಬೆರಳಿನಲ್ಲೇ ಇಳಿಯಬೇಕು. ಎಲ್ಲಿಯಾದರೂ ತಡೆದರೆ ಸುರುಳಿ ಸುತ್ತು ಹಾರಿದೆ ಎಂದರ್ಥ, ತೆಗೆದು ಇನ್ನೊಂದು ಹಾಕಿ.

ಉದ್ದದ ಬಗ್ಗೆ: ಅಲ್ಯೂಮಿನಿಯಂನಲ್ಲಿ ಬೋಲ್ಟಿನ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಥ್ರೆಡ್ ಹಿಡಿತ ಬೇಕು. ಎಂ8ಕ್ಕೆ ಅದು 12ರಿಂದ 16 ಮಿ.ಮೀ. ಇನ್ಸರ್ಟ್ ಅಷ್ಟು ಉದ್ದದ್ದು ಹಾಕಿ, ಬೋಲ್ಟ್ ಕೂಡ ಅಷ್ಟು ಒಳಗೆ ಹೋಗುತ್ತದೆಯೇ ಅಳೆದು ನೋಡಿ. ಎಷ್ಟೋ ಸಲ ಮೂಲ ಥ್ರೆಡ್ ಹೋಗಿರುವುದೇ ಯಾರೋ ಗಿಡ್ಡ ಬೋಲ್ಟ್ ಹಾಕಿ ಮೇಲಿನ ನಾಲ್ಕು ಸುತ್ತಿನ ಮೇಲೆ ಎಲ್ಲ ಭಾರ ಬಿಟ್ಟಿದ್ದರಿಂದ.

ಇನ್ನು ಗಟ್ಟಿ ಬುಷ್. ಒಳಗೂ ಹೊರಗೂ ಥ್ರೆಡ್ ಇರುವ ಉಕ್ಕಿನ ಕೊಳವೆ ಇದು. ಟೈಮ್‌ಸರ್ಟ್ ಮಾದರಿಯಲ್ಲಿ ಮೇಲೆ ಸಣ್ಣ ಅಂಚು ಇರುತ್ತದೆ, ಕೂರಿಸುವ ಸಲಕರಣೆ ಅದರ ತಳದ ಸುತ್ತುಗಳನ್ನು ಹಿಗ್ಗಿಸಿ ಬ್ಲಾಕಿಗೆ ಕಚ್ಚಿಸುತ್ತದೆ. ಪದೇ ಪದೇ ಬಿಚ್ಚುವ ಜಾಗ, ಸ್ಪಾರ್ಕ್ ಪ್ಲಗ್, ಡ್ರೈನ್ ಪ್ಲಗ್, ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಎಂಜಿನ್ ಭಾಗ) ಬೋಲ್ಟ್ ಇವಕ್ಕೆ ನಮ್ಮ ಆಯ್ಕೆ ಅದೇ. ಬ್ರಾಕೆಟ್ಟಿಗೆ, ಕವರ್‌ಗಳಿಗೆ ಅಷ್ಟು ಖರ್ಚು ಬೇಕಿಲ್ಲ.

ಪ್ರಶ್ನೆ: ಹೆಲಿಕಾಯಿಲ್ ಗೋಜಲು ಬೇಡ, ಒಂದು ಸೈಜ್ ದೊಡ್ಡ ಬೋಲ್ಟ್ ಹಾಕಿದರೆ ಏನು ತಪ್ಪು?

ಉತ್ತರ: ತಪ್ಪೇನಿಲ್ಲ, ಆದರೆ ಅದರಲ್ಲಿ ಕೆಲಸ ಕಡಿಮೆಯೂ ಆಗುವುದಿಲ್ಲ. ಎಂ8 ಇದ್ದಲ್ಲಿ ಎಂ10 × 1.5 ಹಾಕಲು 8.5 ಮಿ.ಮೀ. ಕೊರೆದು ಟ್ಯಾಪ್ ಹೊಡೆಯಲೇ ಬೇಕು. ಮೇಲೆ ಕೂರುವ ಬ್ರಾಕೆಟ್ಟಿನ ರಂಧ್ರವನ್ನೂ ದೊಡ್ಡದು ಮಾಡಬೇಕು. ತಲೆ ದೊಡ್ಡದಾಗಿ ಪಕ್ಕದ ಗೋಡೆಗೆ ತಾಗಬಹುದು. ಆ ಥ್ರೆಡ್ ಮತ್ತೆ ಹೋದರೆ ಮುಂದಿನ ರಿಪೇರಿಗೆ ಲೋಹ ಉಳಿದಿರುವುದಿಲ್ಲ. ಸ್ಟಡ್ (ತಲೆಯಿಲ್ಲದ, ಎರಡೂ ತುದಿಯಲ್ಲಿ ಥ್ರೆಡ್ ಇರುವ ಕಡ್ಡಿ) ಇರುವ ಜಾಗದಲ್ಲಿ ಮಾತ್ರ ಇದಕ್ಕೆ ಒಳ್ಳೆಯ ರೂಪವಿದೆ: ಕೆಳಗೆ ಎಂ10, ಮೇಲೆ ಎಂ8 ಇರುವ ಮೆಟ್ಟಿಲು ಸ್ಟಡ್ಡನ್ನು ಲೇತ್‌ನಲ್ಲಿ ಮಾಡಿಸಿಕೊಳ್ಳಬಹುದು.

ಪ್ರಶ್ನೆ: ಸ್ಪಾರ್ಕ್ ಪ್ಲಗ್ ಬಿಚ್ಚುವಾಗ ಅದರ ಜೊತೆ ಹೆಡ್ಡಿನ ಥ್ರೆಡ್ಡೂ ಬಂತು. ಹೆಡ್ ಇಳಿಸದೆ ಸರಿ ಮಾಡಬಹುದೇ? ಪುಡಿ ಸಿಲಿಂಡರಿಗೆ ಬೀಳುವುದಿಲ್ಲವೇ?

ಉತ್ತರ: ಪುಡಿ ಬಿದ್ದೇ ಬೀಳುತ್ತದೆ. ಎಷ್ಟು ಬೀಳುತ್ತದೆ, ಬಿದ್ದದ್ದನ್ನು ತೆಗೆಯಲಾಗುತ್ತದೆಯೇ ಎಂಬುದರ ಮೇಲೆ ತೀರ್ಮಾನ. ಪ್ಲಗ್ಗಿನ ಬಾವಿ ನೆಟ್ಟಗಿದ್ದು ಮೇಲಿನಿಂದ ರಂಧ್ರ ಚೆನ್ನಾಗಿ ಕಾಣುತ್ತಿದ್ದರೆ ಹೆಡ್ ಇಳಿಸದೆ ಮಾಡಬಹುದು. ಬಾವಿ ಓರೆಯಾಗಿ ಆಳದಲ್ಲಿದ್ದು ಟ್ಯಾಪ್ ನೆಟ್ಟಗಿದೆಯೋ ಇಲ್ಲವೋ ನೋಡಲು ಆಗದಿದ್ದರೆ ಹೆಡ್ ಇಳಿಸಿ. ಅಲ್ಲಿ ಕುರುಡು ಧೈರ್ಯ ಬೇಡ.

ಮೊದಲು ಸಣ್ಣ ಕ್ಯಾಮೆರಾ ಅಥವಾ ಟಾರ್ಚಿನಿಂದ ಒಳಗೆ ನೋಡಿ. ಮೇಲಿನ ಎರಡು ಮೂರು ಸುತ್ತು ಮಾತ್ರ ಅಡ್ಡ ಹತ್ತಿ ಕೆಟ್ಟಿದ್ದರೆ ಇನ್ಸರ್ಟ್ ಬೇಡ. ಒಳಗೆ ಇಳಿಸಿ ಹಿಗ್ಗಿಸಿ, ಒಳಗಿನಿಂದ ಹೊರಕ್ಕೆ ತಿರುಗಿಸಿ ತೆಗೆಯುವ ಹಿಮ್ಮುಖ ಟ್ಯಾಪ್ ಇದೆ. ಕೆಳಗಿನ ಒಳ್ಳೆಯ ಸುತ್ತುಗಳೇ ದಾರಿ ತೋರುವುದರಿಂದ ಅದು ನೆಟ್ಟಗೆ ಬರುತ್ತದೆ, ಪುಡಿಯೂ ಹೊರಕ್ಕೇ ಬರುತ್ತದೆ.

ಎಲ್ಲವೂ ಕಿತ್ತು ಬಂದಿದ್ದರೆ ಪ್ಲಗ್ಗಿನ ಅಳತೆ ಖಚಿತ ಮಾಡಿಕೊಳ್ಳಿ. ಎಂ14 × 1.25 ಹೆಚ್ಚು ಬಳಕೆಯಲ್ಲಿದೆ. ಹೊಸ ಎಂಜಿನ್ನುಗಳಲ್ಲಿ ಎಂ12 × 1.25, ಕೆಲವದರಲ್ಲಿ ಎಂ10 × 1 ಇರುತ್ತದೆ. ಥ್ರೆಡ್ ಭಾಗದ ಉದ್ದವೂ ಮುಖ್ಯ, 19 ಮಿ.ಮೀ. ಮತ್ತು 26.5 ಮಿ.ಮೀ. ಎರಡೂ ಸಾಮಾನ್ಯ. ಇನ್ಸರ್ಟ್ ಗಿಡ್ಡವಾದರೆ ಪ್ಲಗ್ಗಿನ ತುದಿಯ ಸುತ್ತುಗಳು ಬೆಂಕಿಗೆ ತೆರೆದುಕೊಂಡು ಕಾರ್ಬನ್ ಕಟ್ಟುತ್ತವೆ, ಮುಂದಿನ ಸಲ ಬಿಚ್ಚುವಾಗ ಆ ಕಾರ್ಬನ್ನೇ ಥ್ರೆಡ್ಡನ್ನು ಕಿತ್ತು ತರುತ್ತದೆ. ಉದ್ದವಾಗಿ ದಹನ ಕೋಣೆಯೊಳಗೆ ಇಣುಕಿದರೆ ಆ ತುದಿ ಕೆಂಪಗೆ ಕಾದು ಸ್ಪಾರ್ಕ್ ಬರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ, ಪಿಸ್ಟನ್ ತೂತಾಗುವಷ್ಟು ಹಾನಿ ಮಾಡಬಲ್ಲದು.

ಎಂಜಿನ್ ತಿರುಗಿಸಿ ಆ ಸಿಲಿಂಡರಿನ ಪಿಸ್ಟನ್ ಕೆಳಗೆ ಹೋಗಿ, ಎರಡೂ ವಾಲ್ವು ಮುಚ್ಚಿರುವಂತೆ ಮಾಡಿಕೊಳ್ಳಿ. ಟ್ಯಾಪಿಗೆ ದಪ್ಪ ಗ್ರೀಸ್ ತುಂಬಿ, ಒಂದು ಸುತ್ತು ಕೊರೆದು ಹೊರತೆಗೆದು ಒರೆಸಿ ಮತ್ತೆ ಗ್ರೀಸ್ ತುಂಬಿ ಇಳಿಸಿ. ಬೇಸರದ ಕೆಲಸ ನಿಜ, ಆದರೆ ಸಿಲಿಂಡರ್ ಉಳಿಯುವುದು ಈ ಬೇಸರದಿಂದಲೇ. ಸುರುಳಿ ಇನ್ಸರ್ಟ್ ಆದರೆ ಬಾಲವನ್ನು ಪಂಚ್‌ನಿಂದ ಮುರಿಯಬೇಡಿ, ತುಂಡು ಸಿಲಿಂಡರಿಗೇ ಬೀಳುತ್ತದೆ. ಉದ್ದ ಮೂತಿಯ ಪ್ಲೈಯರಿನಲ್ಲಿ ಹಿಡಿದು ಮುರಿಯಿರಿ, ಇಲ್ಲವೇ ಬಾಲವಿಲ್ಲದ ಬಗೆಯದನ್ನು ತನ್ನಿ. ಗಟ್ಟಿ ಬುಷ್ ಆದರೆ ಈ ತಲೆನೋವೇ ಇಲ್ಲ.

ಕೊನೆಗೆ ವ್ಯಾಕ್ಯೂಮ್ ಕ್ಲೀನರಿಗೆ ತೆಳುವಾದ ಪ್ಲಾಸ್ಟಿಕ್ ಕೊಳವೆ ಜೋಡಿಸಿ ಪಿಸ್ಟನ್ ಮೇಲ್ಭಾಗವನ್ನೆಲ್ಲ ಎಳೆದು ತೆಗೆಯಿರಿ. ಇಂಜೆಕ್ಟರ್ ಮತ್ತು ಇಗ್ನಿಷನ್ ಫ್ಯೂಸ್ ಕಿತ್ತು, ರಂಧ್ರದ ಮೇಲೆ ಬಟ್ಟೆ ಹಾಕಿ, ಮುಖ ದೂರವಿಟ್ಟು ಸ್ಟಾರ್ಟರ್ ಎರಡು ಮೂರು ಸೆಕೆಂಡ್ ತಿರುಗಿಸಿ. ಉಳಿದದ್ದು ಬಟ್ಟೆಗೆ ಬಂದು ಅಂಟುತ್ತದೆ. ಕ್ಯಾಮೆರಾ ಇಳಿಸಿ ಮತ್ತೊಮ್ಮೆ ನೋಡಿಯೇ ಪ್ಲಗ್ ಹಾಕಿ.

ಉಳಿದ ಪ್ಲಗ್ಗುಗಳ ಥ್ರೆಡ್ ಉಳಿಸಿಕೊಳ್ಳುವ ಮಾತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ. ಹಾಕುವಾಗ ಪ್ಲಗ್ಗಿನ ಹಿಂಬದಿಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಬೆರಳಿನಿಂದ ತಿರುಗಿಸಿ. ಅಡ್ಡ ಹತ್ತಿದರೆ ಪೈಪ್ ಜಾರುತ್ತದೆಯೇ ಹೊರತು ಪ್ಲಗ್ ಮುಂದೆ ಹೋಗುವುದಿಲ್ಲ. ವಾಷರ್ ಇರುವ ಹೊಸ ಪ್ಲಗ್ ಆದರೆ ಕೈ ಬಿಗಿಯಾದ ಮೇಲೆ ಅರ್ಧದಿಂದ ಮೂರನೇ ಎರಡು ಸುತ್ತು, ಕೋನ್ ಆಕಾರದ ಸೀಟಿನದಾದರೆ ಬರೀ ಹದಿನಾರನೇ ಒಂದು ಸುತ್ತು. ಅಲ್ಯೂಮಿನಿಯಂ ಹೆಡ್ಡಿನಲ್ಲಿ ವಾಷರ್ ಇರುವ 14 ಮಿ.ಮೀ. ಪ್ಲಗ್ಗಿಗೆ 25ರಿಂದ 30, 12 ಮಿ.ಮೀ.ಗೆ 15ರಿಂದ 20, 10 ಮಿ.ಮೀ.ಗೆ 10ರಿಂದ 12 ನ್ಯೂಟನ್ ಮೀಟರ್ ಸಾಮಾನ್ಯ ಅಳತೆ. ಲೋಹಲೇಪ ಇರುವ ಪ್ಲಗ್ಗುಗಳಿಗೆ ಆಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಬಳಿಯಬೇಡಿ. ಜಾರುಗುಣ ಹೆಚ್ಚಾಗಿ ಅದೇ ಟಾರ್ಕಿಗೆ ಪ್ಲಗ್ ಹೆಚ್ಚು ಎಳೆಸಿಕೊಳ್ಳುತ್ತದೆ.

ಪ್ರಶ್ನೆ: ಕ್ಯಾಮ್‌ಶಾಫ್ಟ್ ಕ್ಯಾಪಿನ (ವಾಲ್ವು ತೆರೆಯುವ ಶಾಫ್ಟನ್ನು ಹಿಡಿದಿಡುವ ತುಂಡು) ಎಂ6 ಬೋಲ್ಟುಗಳನ್ನು ಮ್ಯಾನ್ಯುಯಲ್‌ನಲ್ಲಿ ಹೇಳಿದಂತೆ 12 ನ್ಯೂಟನ್ ಮೀಟರಿಗೆ ಇಟ್ಟೇ ಬಿಗಿ ಮಾಡಿದೆ. ಕ್ಲಿಕ್ ಶಬ್ದ ಬರುವ ಮೊದಲೇ ಒಂದರ ಥ್ರೆಡ್ ಕಿತ್ತು ಬಂತು. ನನ್ನ ಟಾರ್ಕ್ ರೆಂಚ್ ಅರ್ಧ ಇಂಚಿನದು, 10ರಿಂದ 150ರವರೆಗೆ ಇದೆ. ಎಲ್ಲಿ ತಪ್ಪಾಯಿತು?

ಉತ್ತರ: ಕಾರಣ ಒಂದೇ ಇರಲಾರದು, ನಾಲ್ಕು ಸೇರಿರುವ ಸಾಧ್ಯತೆ ಇದೆ.

ರೆಂಚ್ ಮೊದಲನೆಯದು. ಇಟ್ಟ ಟಾರ್ಕ್ ತಲುಪಿದಾಗ ಕ್ಲಿಕ್ ಎನ್ನುವ ರೆಂಚುಗಳನ್ನು ಅವುಗಳ ಗರಿಷ್ಠದ 20 ಶೇಕಡಕ್ಕಿಂತ ಕೆಳಗೆ ನಂಬಬಾರದು. ನಿಮ್ಮದರಲ್ಲಿ ಅದು 30 ನ್ಯೂಟನ್ ಮೀಟರ್. 12ಕ್ಕೆ ಇಟ್ಟಾಗ ಕ್ಲಿಕ್ ಕೈಗೆ ತಿಳಿಯದಷ್ಟು ಮೆಲ್ಲಗೆ ಆಗಿರಬಹುದು, ಅಥವಾ 18ಕ್ಕೆ ಆಗುವಂತಿರಬಹುದು. ಎಂ6ಕ್ಕೆ ಅದು ಕೊಲೆಗಡುಕ ಬಲ. ಈ ಕೆಲಸಕ್ಕೆ ಕಾಲು ಇಂಚಿನ, 25ರ ಒಳಗೆ ಮುಗಿಯುವ ರೆಂಚ್ ಬೇಕು.

ಎರಡನೆಯದು ಎಣ್ಣೆ. ನಾವು ಹಾಕುವ ಟಾರ್ಕಿನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ತಲೆಯ ಕೆಳಗಿನ ಮತ್ತು ಥ್ರೆಡ್ಡಿನ ಉಜ್ಜಾಟಕ್ಕೇ ಹೋಗುತ್ತದೆ. ಬೋಲ್ಟನ್ನು ನಿಜಕ್ಕೂ ಎಳೆಯುವುದು ಉಳಿದ ಒಂದು ಪಾಲು. ಎಣ್ಣೆ ಹಾಕಿ ಉಜ್ಜಾಟ ಸ್ವಲ್ಪ ಇಳಿಸಿದರೂ ಎಳೆತ ಬಹಳ ಏರುತ್ತದೆ. ಮ್ಯಾನ್ಯುಯಲ್ ಒಣ ಥ್ರೆಡ್ಡಿಗೆ ಹೇಳಿದ ಅಂಕಿಯೋ ಎಣ್ಣೆ ಹಚ್ಚಿದ್ದಕ್ಕೋ ಓದಿ ನೋಡಿ. ರಂಧ್ರದ ತಳದಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟ್ ಇಳಿಯಲು ಜಾಗವೇ ಇರುವುದಿಲ್ಲ.

ಮೂರನೆಯದೇ ಬಹುಶಃ ನಿಮ್ಮ ಪ್ರಕರಣದ ಮೂಲ. ಕೆಲವು ಕ್ಯಾಮ್ ಲೋಬುಗಳು (ಶಾಫ್ಟಿನ ಮೇಲಿನ ಉಬ್ಬುಗಳು) ವಾಲ್ವ್ ಸ್ಪ್ರಿಂಗ್ ಒತ್ತುತ್ತಿರುವುದರಿಂದ ಕ್ಯಾಮ್‌ಶಾಫ್ಟ್ ಆ ಭಾಗದಲ್ಲಿ ಎದ್ದು ನಿಂತಿರುತ್ತದೆ. ಆಗ ಒಂದು ಕ್ಯಾಪನ್ನು ಪೂರ್ತಿ ಬಿಗಿಯಲು ಹೋದರೆ ಆ ಎರಡು ಎಂ6 ಬೋಲ್ಟುಗಳೇ ಇಡೀ ಶಾಫ್ಟನ್ನು ಕೆಳಗೆಳೆಯಬೇಕು. ಥ್ರೆಡ್ಡಿನ ಮೇಲಿನ ಸುತ್ತುಗಳು ಅಲ್ಲೇ ಸೋಲುತ್ತವೆ. ಶಾಫ್ಟ್ ಮುರಿದದ್ದೂ ಉಂಟು. ಮ್ಯಾನ್ಯುಯಲ್ ಹೇಳಿದ ಸರದಿಯಲ್ಲಿ, ಪ್ರತಿ ಬೋಲ್ಟಿಗೆ ಒಂದು ಸಲಕ್ಕೆ ಅರ್ಧ ಸುತ್ತಿನಂತೆ, ಎಲ್ಲ ಕ್ಯಾಪುಗಳೂ ಹೆಡ್ಡಿಗೆ ತಾಗುವವರೆಗೆ ಹೋಗಬೇಕು. ರೆಂಚ್ ಹಿಡಿಯುವುದು ಆಮೇಲೆ. ನಾಲ್ಕನೆಯದು ಉದ್ದ ಗಿಡ್ಡದ ಬೋಲ್ಟುಗಳು ಅದಲುಬದಲಾಗುವುದು. ಬಿಚ್ಚುವಾಗಲೇ ರಟ್ಟಿನ ಮೇಲೆ ಚಿತ್ರ ಬರೆದು ಆಯಾ ಜಾಗದಲ್ಲಿ ಸಿಕ್ಕಿಸಿಟ್ಟರೆ ಈ ತಪ್ಪು ಆಗುವುದಿಲ್ಲ.

ರಿಪೇರಿಗೆ ಕ್ಯಾಮ್‌ಶಾಫ್ಟ್ ತೆಗೆದು ಎಂ6 ಸುರುಳಿ ಇನ್ಸರ್ಟ್, 9 ಅಥವಾ 12 ಮಿ.ಮೀ. ಉದ್ದದ್ದು ಹಾಕಿ. ರಂಧ್ರದ ಬಾಯಲ್ಲಿ ಕ್ಯಾಪ್ ಕೂರಿಸುವ ಸಣ್ಣ ಉಂಗುರ ಇದ್ದರೆ ಅದನ್ನು ತೆಗೆದಿಟ್ಟು, ಇನ್ಸರ್ಟ್ ಅದರ ಕೆಳಗೆ ಶುರುವಾಗುವಂತೆ ನೋಡಿಕೊಳ್ಳಿ. ಹತ್ತಿರದಲ್ಲೇ ಆಯಿಲ್ ದಾರಿಗಳು ಹಾದುಹೋಗುವುದರಿಂದ ಹಳೆಯ ರಂಧ್ರದ ಆಳ ಮೀರಬೇಡಿ. ಕ್ಯಾಪುಗಳನ್ನು ಹೆಡ್ಡಿನ ಜೊತೆ ಸೇರಿಸಿಯೇ ಬೋರ್ ಮಾಡಿರುತ್ತಾರೆ. ಬೇರೆ ಹೆಡ್ಡಿನ ಕ್ಯಾಪ್ ತಂದು ಹಾಕಲು ಬರುವುದಿಲ್ಲ, ಇರುವುದರ ಜಾಗ ಮತ್ತು ದಿಕ್ಕು ಬದಲಿಸಲೂ ಬಾರದು.

ಪ್ರಶ್ನೆ: ಬೋಲ್ಟ್ ಸುಮ್ಮನೆ ತಿರುಗುತ್ತದೆ, ಹೊರಗೂ ಬರುವುದಿಲ್ಲ. ತೆಗೆಯುವುದು ಹೇಗೆ?

ಉತ್ತರ: ಕಿತ್ತ ಸುತ್ತುಗಳ ಮೇಲೆ ಉಳಿದ ಒಳ್ಳೆಯ ಸುತ್ತು ಹತ್ತುತ್ತಿಲ್ಲ. ತಲೆಯ ಕೆಳಗೆ ಎರಡು ಚಪ್ಪಟೆ ಸ್ಕ್ರೂಡ್ರೈವರ್ ಎದುರುಬದುರು ತೂರಿಸಿ ಮೇಲಕ್ಕೆ ಮೀಟಿ ಹಿಡಿದು, ಇನ್ನೊಬ್ಬರು ನಿಧಾನಕ್ಕೆ ಬಿಚ್ಚಲಿ. ಮೀಟುವ ಬಲ ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರದಂತೆ ಇಡುವ ಹಾಳೆ) ಕೂರುವ ಮುಖದ ಮೇಲೆ ಬೀಳದಂತೆ ತೆಳು ತಗಡು ಅಡ್ಡ ಇಡಿ. ಬ್ರಾಕೆಟ್ಟಾದರೆ ಬ್ರಾಕೆಟ್ಟನ್ನೇ ಹೊರಕ್ಕೆ ಎಳೆದು ಹಿಡಿದರೂ ಸಾಕಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ತಲೆಯನ್ನು ಕೊರೆದು ತೆಗೆದು, ಭಾಗ ಬಿಚ್ಚಿದ ಮೇಲೆ ಉಳಿದ ಕಡ್ಡಿಯನ್ನು ಗ್ರಿಪ್ ಪ್ಲೈಯರಿನಲ್ಲಿ ಹಿಡಿದು ಎಳೆಯುತ್ತಾ ತಿರುಗಿಸಿ.

ಪ್ರಶ್ನೆ: ಎಪಾಕ್ಸಿ ಅಂಟು ತುಂಬಿ ಅದರಲ್ಲೇ ಥ್ರೆಡ್ ಮಾಡಬಹುದು ಎನ್ನುತ್ತಾರೆ. ನಿಜವೇ?

ಉತ್ತರ: ಪ್ಲಾಸ್ಟಿಕ್ ಕವರ್, ವೈರಿಂಗ್ ಕ್ಲಿಪ್, ಏರ್ ಫಿಲ್ಟರ್ ಡಬ್ಬಿ ಹಿಡಿಯುವ ಬೋಲ್ಟಿಗೆ ಆಗುತ್ತದೆ. ರಂಧ್ರದ ಜಿಡ್ಡು ಪೂರ್ತಿ ತೆಗೆದು, ಬೋಲ್ಟಿಗೆ ಅಂಟು ಹಿಡಿಯದಂತೆ ತೆಳುವಾಗಿ ಗ್ರೀಸ್ ಅಥವಾ ಮೇಣ ಬಳಿದು ಇಳಿಸಿ, ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಡಿ. ಬಿಸಿ, ಒತ್ತಡ, ಬೆಲ್ಟಿನ ಎಳೆತ ಇರುವ ಎಲ್ಲಿಯೂ ಬೇಡ. ಬ್ರೇಕ್, ಸ್ಟಿಯರಿಂಗ್ ಹತ್ತಿರವಂತೂ ಆ ಯೋಚನೆಯನ್ನೇ ಬಿಡಿ.

ಪ್ರಶ್ನೆ: ಹೆಡ್ ಗ್ಯಾಸ್ಕೆಟ್ ಬದಲಿಸಿ ಬಿಗಿ ಮಾಡುವಾಗ ಕೊನೆಯ 90 ಡಿಗ್ರಿಯಲ್ಲಿ ಒಂದು ಬೋಲ್ಟ್ ಮೆತ್ತಗಾಯಿತು. ಉಳಿದ 9 ಬೋಲ್ಟ್ ಸರಿಯಾಗಿವೆ. ಅದೊಂದನ್ನು ಹಾಗೇ ಬಿಡಬಹುದೇ?

ಉತ್ತರ: ಬಿಡಬಾರದು. ಅಲ್ಲಿ ಒತ್ತಡವಿಲ್ಲದ ಗ್ಯಾಸ್ಕೆಟ್ ಬೇಗ ಹಾರುತ್ತದೆ. ಹೆಡ್ ಬಿಚ್ಚಿ, ಆ ಬೋಲ್ಟನ್ನು ಉಳಿದವುಗಳ ಪಕ್ಕ ಇಟ್ಟು ನೋಡಿ. ಕುತ್ತಿಗೆ ತೆಳ್ಳಗಾಗಿ ಉದ್ದವಾಗಿದ್ದರೆ ಸೋತದ್ದು ಬೋಲ್ಟ್. ಸುತ್ತುಗಳಲ್ಲಿ ಅಲ್ಯೂಮಿನಿಯಂ ತುಂಬಿಕೊಂಡಿದ್ದರೆ ಬ್ಲಾಕ್. ಡಿಗ್ರಿ ಲೆಕ್ಕದಲ್ಲಿ ಬಿಗಿಯುವ ಬೋಲ್ಟುಗಳಲ್ಲಿ ಹೆಚ್ಚಿನವು ಹಿಗ್ಗಿಯೇ ಕೆಲಸ ಮಾಡುವಂಥವು. ಹಳೆಯದನ್ನು ಮತ್ತೆ ಹಾಕಿದ್ದರೆ ಮೊದಲ ಅನುಮಾನ ಅದರ ಮೇಲೇ.

ಬ್ಲಾಕ್ ಅಲ್ಯೂಮಿನಿಯಂ ಆಗಿದ್ದು ಥ್ರೆಡ್ ಕಿತ್ತಿದ್ದರೆ ಗಟ್ಟಿ ಬುಷ್ ಬಿಟ್ಟು ಬೇರೆ ದಾರಿ ನಾವು ಹೇಳುವುದಿಲ್ಲ. ಅದನ್ನೂ ಒಂದಕ್ಕೆ ಮಾತ್ರ ಹಾಕಿಸಿ ಸುಮ್ಮನಿರಬೇಡಿ. ಎಂಜಿನ್ ಕಾದು ತಣ್ಣಗಾದ ಅದೇ ಚಕ್ರವನ್ನು ಪಕ್ಕದ ಥ್ರೆಡ್ಡುಗಳೂ ಕಂಡಿವೆ. ಟೊಯೋಟಾದ 2ಎಝಡ್‌-ಎಫ್‌ಇ, ಕ್ಯಾಡಿಲಾಕ್‌ನ ನಾರ್ತ್‌ಸ್ಟಾರ್ ಎಂಜಿನ್ನುಗಳು ಈ ತೊಂದರೆಗೆ ಹೆಸರಾದವು. ಅವುಗಳಿಗೆಂದೇ ಇನ್ಸರ್ಟ್ ಕಿಟ್ಟುಗಳು ಬಂದಿವೆ, ಎಲ್ಲ ರಂಧ್ರಗಳಿಗೂ ಹಾಕುವುದೇ ರೂಢಿ. ಕೊರೆಯುವುದು ಬ್ಲಾಕಿನ ಮುಖಕ್ಕೆ ಬಿಗಿಯುವ, ಬಿಟ್ಟಿಗೆ ನೆಟ್ಟನೆ ದಾರಿ ತೋರುವ ಜಿಗ್ ಪ್ಲೇಟಿನ ಮೂಲಕವೇ ಆಗಬೇಕು. ಮೂಲ ಥ್ರೆಡ್ ಮುಖದಿಂದ ಎಷ್ಟು ಕೆಳಗೆ ಶುರುವಾಗುತ್ತಿತ್ತೋ ಇನ್ಸರ್ಟ್ ಅಷ್ಟೇ ಕೆಳಗೆ ಕೂರಬೇಕು. ಮೇಲೆಯೇ ಕೂರಿಸಿದರೆ ಎಳೆತಕ್ಕೆ ಬ್ಲಾಕಿನ ಮುಖ ಉಬ್ಬಿ ಗ್ಯಾಸ್ಕೆಟ್ ಕೂರುವುದಿಲ್ಲ. ಸಿಲಿಂಡರ್ ಬಾಯಿಗಳನ್ನೂ ನೀರಿನ, ಆಯಿಲ್‌ನ ದಾರಿಗಳನ್ನೂ ಬಟ್ಟೆ, ಟೇಪಿನಿಂದ ಮುಚ್ಚಿ ಶುರು ಮಾಡಿ. ಒಮ್ಮೆ ಒತ್ತಿದ ಗ್ಯಾಸ್ಕೆಟ್ ಮತ್ತೆ ಬಳಸುವಂತಿಲ್ಲ, ಬೋಲ್ಟುಗಳೂ ಹೊಸವು ಬೇಕು. ಜಿಗ್ ಇಲ್ಲದ ವರ್ಕ್‌ಶಾಪಿನಲ್ಲಿ ಈ ಕೆಲಸ ಮಾಡಿಸಬೇಡಿ.

ಪ್ರಶ್ನೆ: ಬೋಲ್ಟ್ ಹಾಕುವ ಮೊದಲು ಹಳೆಯ ರಂಧ್ರಗಳಿಗೆ ಟ್ಯಾಪ್ ಹೊಡೆದು ಸ್ವಚ್ಛ ಮಾಡುವುದು ಒಳ್ಳೆಯದಲ್ಲವೇ?

ಉತ್ತರ: ಸ್ವಚ್ಛ ಮಾಡುವುದು ಒಳ್ಳೆಯದು, ಕೊರೆಯುವ ಟ್ಯಾಪ್ ಹೊಡೆಯುವುದು ಅಲ್ಲ. ಅದು ಪ್ರತಿ ಸಲ ಸ್ವಲ್ಪ ಲೋಹ ತೆಗೆದು ಥ್ರೆಡ್ಡನ್ನು ಸಡಿಲ ಮಾಡುತ್ತದೆ. ಅದಕ್ಕೆಂದೇ ಥ್ರೆಡ್ ಚೇಸರ್ ಇದೆ, ಅದು ಕೊರೆಯದೆ ಕೊಳೆ ತಳ್ಳುತ್ತದೆ, ಬಗ್ಗಿದ ಸುತ್ತನ್ನು ನೆಟ್ಟಗೆ ಮಾಡುತ್ತದೆ. ಚೇಸರ್ ಸಿಗದಿದ್ದರೆ ಅದೇ ಅಳತೆಯ ಹಳೆಯ ಬೋಲ್ಟಿನ ಥ್ರೆಡ್ಡಿನಲ್ಲಿ ಉದ್ದಕ್ಕೆ ಎರಡು ಮೂರು ತೋಡು ಹೆಕ್ಸಾ ಬ್ಲೇಡಿನಲ್ಲಿ ಕೊಯ್ದು, ಏಣುಗಳನ್ನು ಅರದಿಂದ ಉಜ್ಜಿ ನಯ ಮಾಡಿ ಬಳಸಿ. ತಳ ಮುಚ್ಚಿದ ರಂಧ್ರಗಳಲ್ಲಿ ಕೂಲೆಂಟ್ ಅಥವಾ ಆಯಿಲ್ ನಿಂತಿರಲೇಬಾರದು. ದ್ರವ ಒತ್ತಿ ಸಣ್ಣದಾಗುವುದಿಲ್ಲ, ಇಳಿಯುವ ಬೋಲ್ಟ್ ಅದನ್ನು ಅದುಮಿದಾಗ ಎರಕದ ಕಬ್ಬಿಣದ ಬ್ಲಾಕ್ ಕೂಡ ಬಿರುಕು ಬಿಡುತ್ತದೆ. ಬ್ರೇಕ್ ಕ್ಲೀನರ್ ಹೊಡೆದು, ಕಣ್ಣಿಗೆ ಕನ್ನಡಕ ಹಾಕಿ ಗಾಳಿ ಊದಿ, ಕಡ್ಡಿಗೆ ಬಟ್ಟೆ ಸುತ್ತಿ ತಳದವರೆಗೆ ಒರೆಸಿ. ಬಟ್ಟೆ ಒಣಗಿ ಬಂದ ಮೇಲೆ ಬೋಲ್ಟ್ ಇಳಿಸಿ.